ಗಾಳಿಗಾಗಿ ಬರೆದ 61 ಪತ್ರಗಳು

ಅಮ್ಮ ದಾವಣಗೆರೆಯಿಂದ ನಮ್ಮ ಮನೆಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್‌ನಲ್ಲಿ. ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಲ ಬಾಗಿಲು ತೆಗೆದವರು ತಕ್ಷಣ ಮುಚ್ಚಿಬಿಟ್ಟರು. "ಎಲ್ಲೋ ಗ್ಯಾಸ್ ಲೀಕ್ ಆಗ್ತಿದೆ ನೋಡು, ಕೊಳೆತ ಮೊಟ್ಟೆ ವಾಸನೆ" ಎಂದು ನನ್ನನ್ನು ಎಬ್ಬಿಸಿದರು.

ಗ್ಯಾಸ್ ಲೀಕ್ ಆಗಿರಲಿಲ್ಲ. ಅದು ನಮಗೆ ಗೊತ್ತಿರುವ ವಾಸನೆಯೇ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮನಾಂಗಹೀಲಾ ನದಿ ಹರಿಯುತ್ತದೆ. ಇಲ್ಲಿನವರು ಆ ಕಣಿವೆಯನ್ನು ಮಾನ್ ವ್ಯಾಲಿ ಎನ್ನುತ್ತಾರೆ. ನೂರು ವರ್ಷಕ್ಕೂ ಮೇಲಿಂದ ಅಲ್ಲಿ ಉಕ್ಕು ಕಾಯಿಸುತ್ತಿದ್ದಾರೆ. ಉಕ್ಕಿಗೆ ಬೇಕಾದ ಕೋಕ್ ಎಂಬ ಇಂಧನ ಮಾಡಲು ಕಲ್ಲಿದ್ದಲನ್ನು ಗಾಳಿ ತಾಗದ ಒಲೆಗಳಲ್ಲಿ ಬೇಯಿಸುತ್ತಾರೆ. ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುವುದು ಅಲ್ಲಿಂದಲೇ. ಅದರ ಜೊತೆಗೆ ಕಣ್ಣಿಗೂ ಮೂಗಿಗೂ ಗೊತ್ತಾಗದ ಸಣ್ಣ ಕಣಗಳೂ ಬರುತ್ತವೆ. ಅವೇ ಪಿಎಂ 2.5. ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಭಾಗದಷ್ಟು ಇರುತ್ತವೆ. ಮೂಗಿನ ಕೂದಲು, ಗಂಟಲ ಕಫ ಯಾವುದೂ ಅವನ್ನು ತಡೆಯುವುದಿಲ್ಲ. ಶ್ವಾಸಕೋಶದ ಒಳಗಿನ ತುದಿ ತಲುಪಿ, ಅಲ್ಲಿಂದ ಕೆಲವು ರಕ್ತಕ್ಕೂ ಹೋಗುತ್ತವೆ.

ಚಳಿಗಾಲ ಬಂದರೆ ಇದು ಜಾಸ್ತಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕವಿಯುತ್ತದೆ. ಹೊಗೆಗೆ ಮೇಲೇಳಲು ದಾರಿಯೇ ಇರುವುದಿಲ್ಲ. ಬಿಸಿಲು ಏರಿ ನೆಲ ಕಾಯುವವರೆಗೆ ಎಲ್ಲ ಅಲ್ಲಲ್ಲೇ. ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುವುದೂ ಸರಿಯಾಗಿ ಅದೇ ಹೊತ್ತಿಗೆ.

ನನ್ನ ಮಗನಿಗೆ ಆಗ ಹತ್ತು ವರ್ಷ. ಐದನೇ ವಯಸ್ಸಿನಿಂದ ಅವನ ಬ್ಯಾಗಿನಲ್ಲಿ ಇನ್‌ಹೇಲರ್ ಇದೆ. ಅವನ ಆಸ್ತಮಾ ಈ ಗಾಳಿಯಿಂದಲೇ ಬಂತು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ನಾನೂ ಹಾಗೆ ಹೇಳುವುದಿಲ್ಲ. ಆದರೆ ಯಾವ ಬೆಳಿಗ್ಗೆ ಅವನಿಗೆ ಎದೆ ಬಿಗಿಯುತ್ತದೆ ಎಂದು ನನಗೆ ಗೊತ್ತು. ಹಿತ್ತಲ ಬಾಗಿಲು ತೆಗೆದರೆ ಗೊತ್ತಾಗುತ್ತದೆ.

2023ರ ಜನವರಿ 6ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಒಂದು ಪ್ರಸ್ತಾವನೆ ಹೊರಗೆ ತಂತು. ಪಿಎಂ 2.5ರ ವಾರ್ಷಿಕ ಮಿತಿ ಆಗ ಒಂದು ಘನ ಮೀಟರ್ ಗಾಳಿಗೆ 12 ಮೈಕ್ರೋಗ್ರಾಂ ಇತ್ತು. ಅದನ್ನು 9 ಅಥವಾ 10ಕ್ಕೆ ಇಳಿಸುತ್ತೇವೆ, ಜನ ಅಭಿಪ್ರಾಯ ತಿಳಿಸಿ ಎಂದರು. ಮಾರ್ಚ್ 28 ಕೊನೆಯ ದಿನ. 12 ಎಂಬುದು 2012ರಲ್ಲಿ ಬಂದದ್ದು. ಐದು ವರ್ಷಕ್ಕೊಮ್ಮೆ ಮಿತಿಯನ್ನು ಮತ್ತೆ ನೋಡಬೇಕು ಎಂದು ಕಾನೂನೇ ಹೇಳುತ್ತದೆ. 2020ರ ಡಿಸೆಂಬರ್‌ನಲ್ಲಿ ನೋಡಿದ್ದರು, ಆದರೆ 12 ಹಾಗೇ ಇರಲಿ ಎಂದು ಬಿಟ್ಟಿದ್ದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು 10ರಿಂದ 5ಕ್ಕೆ ಇಳಿಸಿತು. ಹಾಗಾಗಿ 9 ದೊಡ್ಡ ಜಿಗಿತವೇನೂ ಅಲ್ಲ. ಆರೋಗ್ಯ ಸಂಘಟನೆಗಳು 8 ಕೇಳುತ್ತಿದ್ದವು. 24 ಗಂಟೆಯ ಮಿತಿಯನ್ನೂ 35ರಿಂದ 25ಕ್ಕೆ ಇಳಿಸಿ ಎನ್ನುತ್ತಿದ್ದವು. ನಮ್ಮ ಕಣಿವೆಗೆ ಈ ಎರಡನೆಯದು ಬಹಳ ಮುಖ್ಯ. ವರ್ಷದ ಸರಾಸರಿ ತೆಗೆದರೆ ನಮ್ಮ ಕೆಟ್ಟ ಬೆಳಿಗ್ಗೆಗಳು ಅದರೊಳಗೆ ಕರಗಿಹೋಗುತ್ತವೆ.

ಜನ ಬರೆದರೆ ನಿಜವಾಗಿ ಏನಾಗುತ್ತದೆ ಅಂತ ನನಗೂ ಅನುಮಾನ ಇತ್ತು. ಕೂತು ಓದಿದೆ. ಇದು ವೋಟು ಅಲ್ಲ. ಯಾರ ಪತ್ರ ಜಾಸ್ತಿ ಬಂತು ಎಂದು ಎಣಿಸಿ ತೀರ್ಮಾನ ಮಾಡುವುದಿಲ್ಲ. ಆದರೆ ಬಂದ ಮುಖ್ಯ ವಾದಗಳಿಗೆಲ್ಲ ಸರ್ಕಾರ ಉತ್ತರ ಕೊಡಲೇಬೇಕು. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ನ್ಯಾಯಾಧೀಶರು ತೆರೆಯುವುದು ಈ ಪತ್ರಗಳೆಲ್ಲ ಇರುವ ಕಡತವನ್ನು. ಕಾರ್ಖಾನೆಯವರ ವಕೀಲರು ಅದರಲ್ಲಿ ನೂರಾರು ಪುಟ ತುಂಬುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತ ಮಗುವಿನ ಬಗ್ಗೆ ಬರೆಯುವವರು ಯಾರು? ನಾವು ಬರೆಯದಿದ್ದರೆ ಆ ಕಡತದಲ್ಲಿ ಅವನು ಇರುವುದೇ ಇಲ್ಲ.

ಮರುವಾರ ಕನ್ನಡ ಕೂಟದ ಸಂಕ್ರಾಂತಿ. ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ ಐದು ನಿಮಿಷ ಮೈಕ್ ಕೇಳಿದೆ, ಕೊಟ್ಟರು. 12, 9, 8, 35, 25 ಎಲ್ಲ ಹೇಳಿದೆ. ಮೈಕ್ರೋಗ್ರಾಂ ಅಂದರೇನು ಎಂದೂ ವಿವರಿಸಿದೆ. ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ನಾನಿಟ್ಟ ಹಾಳೆಯಲ್ಲಿ ಬಿದ್ದದ್ದು ನಾಲ್ಕು ಹೆಸರು. ಅದರಲ್ಲಿ ಒಂದು ನನ್ನ ಗಂಡನದು.

ಆಮೇಲೆ ಎಳ್ಳು-ಬೆಲ್ಲ ಹಂಚುವಾಗ ಪರಿಚಯದವರೊಬ್ಬರು ಬಂದು ಮೆಲ್ಲಗೆ ಕೇಳಿದರು: "ನಿಮ್ಮ ಮಗನಿಗೆ ಯಾವ ಇನ್‌ಹೇಲರ್ ಕೊಟ್ಟಿದ್ದಾರೆ?" ಅವರ ಮಗಳಿಗೂ ಒಂದು ವರ್ಷದಿಂದ ಇದೆಯಂತೆ, ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬರು "ನಮ್ಮವನಿಗೂ" ಅಂದರು. ಅಲ್ಲೇ ನಿಂತಲ್ಲಿ ಐದು ಜನ ಸೇರಿದೆವು. ಮಕ್ಕಳ ಕಾಯಿಲೆಯನ್ನು ನಾಲ್ಕು ಜನರ ಮುಂದೆ ಹೇಳಲು ನಮ್ಮಲ್ಲಿ ಹಿಂಜರಿಕೆ ಇದೆ, ಅಲ್ವಾ? ಹೆಣ್ಣುಮಗು ಆದರೆ ಇನ್ನೂ ಜಾಸ್ತಿ. ಹಾಗಾಗಿ ಒಂದೇ ಊರಿನಲ್ಲಿ, ಒಂದೇ ಗಾಳಿಯಲ್ಲಿ, ಒಂದೇ ತೊಂದರೆಯನ್ನು ಐದು ಮನೆಯವರು ಐದು ಗುಟ್ಟಿನ ಹಾಗೆ ಇಟ್ಟುಕೊಂಡಿದ್ದೆವು.

ಆವತ್ತೇ ನಾನು ಮಾತು ಬದಲಿಸಿದೆ. ಯಾರನ್ನು ಮಾತಾಡಿಸಿದರೂ ಅಂಕಿಯಿಂದ ಶುರು ಮಾಡಲಿಲ್ಲ. "ನಿಮ್ಮ ಮನೇಲಿ ಯಾರಿಗಾದರೂ ಉಸಿರಾಟದ ತೊಂದರೆ ಇದೆಯಾ?" ಎಂದು ಮೊದಲು ಕೇಳಿದೆ. ಅಂಕಿ ಆಮೇಲೆ ತಾನಾಗಿ ಬರುತ್ತಿತ್ತು. ಜನರೇ ಕೇಳುತ್ತಿದ್ದರು.

ಮೊದಲಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಎಲ್ಲರಿಗೂ ಸುಲಭ ಆಗಲಿ ಎಂದು ಒಂದು ಪತ್ರ ಬರೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹೆಸರು ಸೇರಿಸಿ ಕಳಿಸಿದರಾಯಿತು. ಮೂರು ದಿನದಲ್ಲಿ ಇಪ್ಪತ್ತೆರಡು ಜನ ಕಳಿಸಿದರು, ತುಂಬ ಖುಷಿಯಾಯಿತು. ಆಮೇಲೆ ತಿಳಿಯಿತು, ಒಂದೇ ಪಠ್ಯದ ಪತ್ರಗಳನ್ನು ಒಟ್ಟಿಗೆ ಕಟ್ಟಿ, ಒಂದನ್ನು ಮಾದರಿಯಾಗಿ ಇಟ್ಟು, ಇಷ್ಟು ಬಂದಿವೆ ಎಂದು ಸಂಖ್ಯೆ ಬರೆಯುತ್ತಾರೆ. ಇಪ್ಪತ್ತೆರಡು ಜನರ ಉಸಿರು ಒಂದು ಹಾಳೆ ಆಗಿಹೋಯಿತು. ಸಾಲದ್ದಕ್ಕೆ ನಾನು ಕೊಟ್ಟ ಕಡತದ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿತ್ತು. ಕೆಲವರ ಪತ್ರ ಬೇರೆ ಯಾವುದೋ ಕಡತಕ್ಕೆ ಹೋಗಿತ್ತು.

ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಮತ್ತೆ ಬರೆಯಿರಿ, ಈ ಸಲ ನಿಮ್ಮದೇ ಮಾತಿನಲ್ಲಿ ಎಂದೆ. ಏನು ಬರೆಯಬೇಕು ಎಂದವರಿಗೆ ಮೂರೇ ಪ್ರಶ್ನೆ ಕೊಟ್ಟೆ. ಎಲ್ಲಿದ್ದೀರಿ, ನಿಮಗೆ ಏನಾಯಿತು, ಸರ್ಕಾರದಿಂದ ಯಾವ ಸಂಖ್ಯೆ ಬೇಕು. ಆರು ಸಾಲು ಸಾಕು. ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟೆವು. ಅಮ್ಮ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡುತ್ತಿದ್ದರು. ಬಂದವರು ಮಾತಾಡುತ್ತಿದ್ದರು, ನಾನು ಟೈಪ್ ಮಾಡಿ ಓದಿ ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ಒಬ್ಬ ಹುಡುಗ ಓಟಗಾರ, ಬೆಳಿಗ್ಗೆ ಓಡುವುದನ್ನು ಬಿಟ್ಟು ಸಂಜೆಗೆ ಹಾಕಿಕೊಂಡದ್ದನ್ನು ಬರೆದ. ನರ್ಸ್ ಒಬ್ಬರು ಚಳಿಗಾಲದ ಪಾಳಿಯಲ್ಲಿ ತಾವು ನೋಡಿದ್ದನ್ನು ಬರೆದರು, ರೋಗಿಗಳ ಗುರುತು ಸಿಗದ ಹಾಗೆ ಎರಡೆರಡು ಸಲ ತಿದ್ದಿದರು. ಮನೆ ಕೊಳ್ಳುವಾಗ ಏಜೆಂಟ್ ಮಧ್ಯಾಹ್ನವೇ ಮನೆ ತೋರಿಸಿದ್ದರು, ಬೆಳಗಿನ ವಾಸನೆ ಸಾಲ ತೆಗೆದುಕೊಂಡ ಮೇಲೆ ಗೊತ್ತಾಯಿತು ಎಂದು ಇನ್ನೊಬ್ಬರು.

ನಿಜವಾದ ಅಡ್ಡಿ ವೀಸಾ. "ನಾವು ಇಲ್ಲಿನ ಪ್ರಜೆಗಳಲ್ಲ, ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತಿದ್ದೇವೆ. ಸರ್ಕಾರದ ವಿರುದ್ಧ ಬರೆದರೆ ತೊಂದರೆ ಆದರೆ?" ಈ ಮಾತು ಮನೆಮನೆಯಲ್ಲೂ ಬಂತು. ನಾನು ಯಾರಿಗೂ ಸುಮ್ನೆ ಧೈರ್ಯ ಹೇಳಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ಅಭಿಪ್ರಾಯ ಯಾರು ಬೇಕಾದರೂ ಕೊಡಬಹುದು, ಪ್ರಜೆ ಆಗಿರಬೇಕೆಂದಿಲ್ಲ. ಇದು ವಿರುದ್ಧ ಬರೆಯುವುದೂ ಅಲ್ಲ, ಅವರೇ ಕೇಳಿದ ಪ್ರಶ್ನೆಗೆ ಉತ್ತರ. ಆದರೆ ಬರೆದದ್ದು ಎಲ್ಲರಿಗೂ ಕಾಣುತ್ತದೆ, ಹೆಸರು ಹಾಕಿದರೆ ಹೆಸರೂ ಕಾಣುತ್ತದೆ. ಹೆಸರಿಲ್ಲದೆಯೂ ಕಳಿಸಬಹುದು. ಮನೆ ವಿಳಾಸ, ಫೋನ್ ನಂಬರ್ ಮಾತ್ರ ಪತ್ರದೊಳಗೆ ಹಾಕಬೇಡಿ. ಇಷ್ಟು ಕೇಳಿ ಕೆಲವರು ಹೆಸರಿಲ್ಲದೆ ಕಳಿಸಿದರು. ಇಬ್ಬರು ಬೇಡ ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ, ನಾವೂ ಆ ಸಾಲಿನಲ್ಲಿ ನಿಂತವರೇ. ಮತ್ತೆ ಕೇಳಲಿಲ್ಲ.

ನಮ್ಮ ಪಕ್ಕದ ಮನೆಯ ಅಜ್ಜ ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಹತ್ತಿರ ಹೋಗುವಾಗ ನನಗೆ ಅಳುಕು ಇತ್ತು. ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಕಾಫಿ ಕೊಟ್ಟರು. ಅವರ ಕಾಲದಲ್ಲಿ ಚಿಮಣಿಯಲ್ಲಿ ಹೊಗೆ ಕಂಡರೆ ಊರಿಗೆ ನೆಮ್ಮದಿ. ಹೊಗೆ ನಿಂತಿತು ಅಂದರೆ ಸಂಬಳ ನಿಂತಿತು. ಎಂಬತ್ತರ ದಶಕದಲ್ಲಿ ಒಂದೊಂದೇ ಕಾರ್ಖಾನೆ ಮುಚ್ಚಿದಾಗ ಅವರ ತಮ್ಮ ಊರು ಬಿಟ್ಟು ಹೋದದ್ದು, ಅಂಗಡಿ ಬೀದಿ ಖಾಲಿಯಾದದ್ದು ಎಲ್ಲ ಹೇಳಿದರು. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ್ದನ್ನು ನೋಡಿದ ಮನೆಯಿಂದ ಬಂದವಳು ನಾನು. ಅವರ ಮಾತು ನನಗೆ ಹೊಸದಾಗಿರಲಿಲ್ಲ. ಎದ್ದು ಬರುವಾಗ "ಡೊನೋರಾಗೆ ಹೋಗಿದ್ದೀಯಾ?" ಎಂದು ಕೇಳಿದರು. ಇಲ್ಲ ಅಂದೆ. "ಹೋಗಿ ಬಾ" ಅಂದರು. ಅವರು ಪತ್ರ ಬರೆಯಲಿಲ್ಲ.

ಹೋದೆವು. ಪಿಟ್ಸ್‌ಬರ್ಗ್‌ನ ದಕ್ಷಿಣಕ್ಕೆ, ಅದೇ ಮನಾಂಗಹೀಲಾ ನದಿಯ ತಿರುವಿನಲ್ಲಿ ಡೊನೋರಾ ಇದೆ. 1948ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಬೆಳಗಿನ ಮುಚ್ಚಳದಂಥದ್ದೇ ಮುಚ್ಚಳ ಆ ಊರಿನ ಮೇಲೆ ದಿನಗಟ್ಟಲೆ ಕೂತಿತು. ಸತುವಿನ ಕಾರ್ಖಾನೆ, ಉಕ್ಕಿನ ಕಾರ್ಖಾನೆ ಎರಡೂ ನಡೆಯುತ್ತಲೇ ಇದ್ದವು. ಹಾಡಹಗಲೇ ಕತ್ತಲೆ. ಹಾಗಿದ್ದೂ ಹ್ಯಾಲೋವೀನ್ ಮೆರವಣಿಗೆ ನಡೆಯಿತು, ಶನಿವಾರ ಫುಟ್‌ಬಾಲ್ ಆಟವೂ ನಡೆಯಿತು. ಹೊಗೆ ಅವರಿಗೆ ಅಷ್ಟು ಮಾಮೂಲಾಗಿತ್ತು. 20 ಜನ ಸತ್ತರು. ಸುಮಾರು 14,000 ಜನರ ಊರಿನಲ್ಲಿ 6,000 ಜನ ಕಾಯಿಲೆ ಬಿದ್ದರು. ಭಾನುವಾರ ಮಳೆ ಬಂದು ಗಾಳಿ ತೊಳೆಯಿತು. ಅಮೆರಿಕದ ಗಾಳಿಯ ಕಾನೂನುಗಳಿಗೆ ಮೊದಲ ತಳ್ಳು ಸಿಕ್ಕಿದ್ದು ಈ ಸಾವುಗಳಿಂದ. ಅಲ್ಲೊಂದು ಸಣ್ಣ ಮ್ಯೂಸಿಯಂ ಇದೆ. ಶುದ್ಧ ಗಾಳಿ ಇಲ್ಲಿಂದ ಶುರುವಾಯಿತು ಎಂದು ಬೋರ್ಡ್ ಇದೆ. ಮಗ ಅದನ್ನು ಎರಡು ಸಲ ಓದಿದ. "ಜನ ಸತ್ತ ಮೇಲೆ ಶುರುವಾಯ್ತಾ?" ಎಂದು ಕೇಳಿದ. ಹೌದು ಅಂದೆ. ಬೇರೆ ಏನು ಹೇಳಲಿ?

ಡೊನೋರಾದಿಂದ ಬಂದ ಮೇಲೆ ನನ್ನ ಪತ್ರವನ್ನು ಮೊದಲಿಂದ ಬರೆದೆ. ಅದರಲ್ಲಿ ಇನ್ನೊಂದು ಊರನ್ನೂ ಸೇರಿಸಿದೆ, ಸ್ಟೂಬೆನ್‌ವಿಲ್. ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದು ಗಂಟೆ ಚಿಲ್ಲರೆ ದಾರಿ. ಹಾರ್ವರ್ಡ್‌ನವರು ಆರು ಊರುಗಳ 8,111 ಜನರನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಕೊಳಕು ಗಾಳಿಯ ಊರು ಅದೇ. ಅತಿ ಶುದ್ಧ ಗಾಳಿಯ ಊರಿಗೆ ಹೋಲಿಸಿದರೆ ಅಲ್ಲಿ ಸಾವಿನ ಪ್ರಮಾಣ 26% ಜಾಸ್ತಿ, ಸಿಗರೇಟಿನಂಥ ಕಾರಣಗಳ ಲೆಕ್ಕ ಕಳೆದ ಮೇಲೂ. ಪಿಎಂ 2.5ಕ್ಕೆ ಅಮೆರಿಕದಲ್ಲಿ ಮೊದಲ ಮಿತಿ ಬಂದದ್ದು ಅದಾದ ಮೇಲೆ, 1997ರಲ್ಲಿ.

ಫೆಬ್ರವರಿ 3ರ ರಾತ್ರಿ ನಮ್ಮ ವಾಯವ್ಯಕ್ಕೆ, ಸುಮಾರು 80 ಕಿಲೋಮೀಟರ್ ದೂರದ ಊರು ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ ರಾಸಾಯನಿಕ ತುಂಬಿದ ರೈಲು ಹಳಿ ತಪ್ಪಿತು. 6ರಂದು ಅದರಲ್ಲಿದ್ದ ವಿನೈಲ್ ಕ್ಲೋರೈಡ್ ಎಂಬ ರಾಸಾಯನಿಕವನ್ನು ಸುಟ್ಟರು. ಆ ಕಪ್ಪು ಹೊಗೆಯ ಚಿತ್ರ ಎಲ್ಲರ ಫೋನಿನಲ್ಲೂ ಬಂತು. ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ನೀರು ಕುಡಿಯಬಹುದಾ, ಕಿಟಕಿ ತೆಗೆಯಬಹುದಾ, ಇವೇ ಪ್ರಶ್ನೆ. ನಮ್ಮ ಪತ್ರಗಳ ಕೆಲಸ ಹತ್ತು ದಿನ ನಿಂತೇಹೋಯಿತು. ಆ ಭಯವನ್ನು ಹಿಡಿದು ಪತ್ರ ಬರೆಸಬಹುದಿತ್ತು, ನನಗೆ ಮನಸ್ಸು ಒಪ್ಪಲಿಲ್ಲ. ಅದು ಬೇರೆ ವಿಷ, ಬೇರೆ ಕಾನೂನು. ಎರಡನ್ನೂ ಕಲಸಿದರೆ ನಾಳೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಫೆಬ್ರವರಿ 21ರಿಂದ ಸಾರ್ವಜನಿಕ ವಿಚಾರಣೆ, ವಿಡಿಯೋದಲ್ಲಿ. ಮೊದಲೇ ಹೆಸರು ಕೊಟ್ಟಿದ್ದೆ. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ನನ್ನ ಸರದಿಗೆ ಮೊದಲು ಮಕ್ಕಳ ಡಾಕ್ಟರ್ ಒಬ್ಬರು, ಚರ್ಚಿನ ಪಾದ್ರಿಯೊಬ್ಬರು, ಉದ್ಯಮದ ಕಡೆಯವರೊಬ್ಬರು ಮಾತಾಡಿದರು. ಖರ್ಚು ಜಾಸ್ತಿಯಾಗುತ್ತದೆ, ಕೆಲಸ ಹೋಗುತ್ತದೆ ಎಂದು ಉದ್ಯಮದವರು ಹೇಳಿದಾಗ ನನಗೆ ಪಕ್ಕದ ಮನೆಯ ಅಜ್ಜ ನೆನಪಾದರು. ಆದರೆ ಈ ಮಿತಿಯನ್ನು ಗೊತ್ತುಮಾಡುವಾಗ ಖರ್ಚು ನೋಡುವ ಹಾಗಿಲ್ಲ, ಜನರ ಆರೋಗ್ಯ ಮಾತ್ರ ನೋಡಬೇಕು ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಖರ್ಚಿನ ಮಾತು ಬರುವುದು ಅದನ್ನು ಜಾರಿ ಮಾಡುವ ಹಂತದಲ್ಲಿ. ಇದು ನ್ಯಾಯವಾದ ವಿಂಗಡಣೆ ಎಂದು ನನ್ನ ಅನಿಸಿಕೆ. ಮೊದಲು ಎಷ್ಟು ವಿಷ ದೇಹಕ್ಕೆ ಕೆಟ್ಟದ್ದು ಎಂದು ನಿಜ ಹೇಳಿ, ಹೇಗೆ ಇಳಿಸುವುದು ಎಂದು ಆಮೇಲೆ ಮಾತಾಡೋಣ.

ನಾನು ಬಸ್ ಸ್ಟಾಪಿನ ಬಗ್ಗೆ ಹೇಳಿದೆ. ಬೆಳಿಗ್ಗೆ ಏಳು ಗಂಟೆಯ ಗಾಳಿಗೆ ವರ್ಷದ ಸರಾಸರಿ ಗೊತ್ತಿಲ್ಲ, 24 ಗಂಟೆಯ ಮಿತಿಯನ್ನೂ ಇಳಿಸಿ ಎಂದೆ. ಕೈ ನಡುಗುತ್ತಿತ್ತು. ಅಧಿಕಾರಿ ಧನ್ಯವಾದ ಹೇಳಿ ಮುಂದಿನ ಹೆಸರು ಕರೆದರು. ಅಷ್ಟೇ. ಮಗ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದ.

ಅಮ್ಮನ ಪತ್ರ ಬಂದದ್ದು ಎಲ್ಲರಿಗಿಂತ ಕೊನೆಗೆ. ಒಂದು ರಾತ್ರಿ ಪಾತ್ರೆ ಒರೆಸುತ್ತಾ "ನಮ್ಮೂರಲ್ಲಿ ಈ ಲೆಕ್ಕ ಎಷ್ಟು?" ಎಂದು ಕೇಳಿದರು. 40 ಎಂದೆ. ಭಾರತದ ವಾರ್ಷಿಕ ಮಿತಿ ಅದು, 2009ರಲ್ಲಿ ಗೊತ್ತು ಮಾಡಿದ್ದು. ಇನ್ನೂ ಸ್ವಲ್ಪ ದಪ್ಪ ಕಣಗಳ ಲೆಕ್ಕ, ಪಿಎಂ 10, ಬೇರೆ, ಅದಕ್ಕೆ 60. ಗಾಳಿ ಮಿತಿ ಮೀರಿದೆ ಎಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿದ ಕರ್ನಾಟಕದ ನಾಲ್ಕು ಊರುಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯೂ ಇದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಿ 12 ಜಾಸ್ತಿ ಆಯ್ತು ಅಂತ ಜಗಳ. ಅಲ್ಲಿ 40 ಆದ್ರೂ ಪರವಾಗಿಲ್ಲ ಅಂತ ಬರೆದಿಟ್ಟಿದ್ದಾರೆ. ನಮ್ಮೂರ ಮಕ್ಕಳ ಪುಪ್ಪಸ ಬೇರೆ ಥರ ಇದೆಯಾ?"

ಆ ಪ್ರಶ್ನೆ ಈಗಲೂ ನನ್ನ ಎದೆಯಲ್ಲಿದೆ.

ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಕನ್ನಡದಲ್ಲೇ. ಕೆಳಗೆ ಇಂಗ್ಲಿಷ್ ಅನುವಾದ ಹಾಕಿದೆ. "ನಾನು ಈ ದೇಶದವಳಲ್ಲ. ಆರು ತಿಂಗಳಿಗೆ ಬಂದ ಅಜ್ಜಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದು ರಂಗೋಲಿ ಹಾಕುವುದು ನನ್ನ ಐವತ್ತು ವರ್ಷದ ರೂಢಿ. ಇಲ್ಲಿ ಕೆಲವು ದಿನ ಬಾಗಿಲು ತೆಗೆಯಲು ಆಗುವುದಿಲ್ಲ. ನನ್ನ ಮೊಮ್ಮಗ ಅದೇ ಗಾಳಿಯಲ್ಲಿ ಸ್ಕೂಲಿಗೆ ಹೋಗುತ್ತಾನೆ. ನೀವು ಇಲ್ಲಿ ಎಷ್ಟು ಇಳಿಸುತ್ತೀರಿ ಎಂದು ಬೇರೆ ದೇಶದವರೂ ನೋಡುತ್ತಿರುತ್ತಾರೆ. 8 ಮಾಡಿ." ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಮಾರ್ಚ್ 28ರ ರಾತ್ರಿ ಎಣಿಸಿದೆವು. 61. ಅಷ್ಟೂ ಬೇರೆ ಬೇರೆ, ಅಷ್ಟೂ ಅವರವರ ಮಾತಿನಲ್ಲಿ. ದೇಶದ ತುಂಬ ಸೇರಿ ಸುಮಾರು 7 ಲಕ್ಷ ಅಭಿಪ್ರಾಯಗಳು ಬಂದವು ಎಂದು ಆಮೇಲೆ ತಿಳಿಯಿತು. ಏಪ್ರಿಲ್ ಮೊದಲ ವಾರ ಅಮ್ಮ ಊರಿಗೆ ಹೊರಟರು.

ಆಮೇಲೆ ಹತ್ತು ತಿಂಗಳು ಏನೂ ಇಲ್ಲ. ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ಊರೆಲ್ಲ ಮಸುಕಾದಾಗ ಪತ್ರ ಬರೆದವರೆಲ್ಲ ಗುಂಪಿನಲ್ಲಿ ಸಂಖ್ಯೆ ಹಾಕುತ್ತಿದ್ದರು. ಮೊದಲು ಅದೇ ಗುಂಪಿನಲ್ಲಿ ಬರುತ್ತಿದ್ದದ್ದು ಕ್ರಿಕೆಟ್ ಸ್ಕೋರು, ಸೆಕೆಂಡ್ ಹ್ಯಾಂಡ್ ಸೋಫಾ. ಕೆಲವರು ಸ್ಮೆಲ್ ಪಿಜಿಎಚ್ ಆ್ಯಪ್ ಹಾಕಿಕೊಂಡರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮಾಡಿದ್ದು. ವಾಸನೆ ಬಂದ ಕೂಡಲೇ ಅದರಲ್ಲಿ ಒತ್ತಿದರೆ ದೂರು ಕೌಂಟಿಯ ಆರೋಗ್ಯ ಇಲಾಖೆಗೆ ಹೋಗುತ್ತದೆ.

2024ರ ಫೆಬ್ರವರಿ 7ರಂದು ಸುದ್ದಿ ಬಂತು. ವಾರ್ಷಿಕ ಮಿತಿ 9. ಇದರಿಂದ 2032ರಲ್ಲಿ 4,500ರವರೆಗೆ ಅಕಾಲ ಸಾವು ತಪ್ಪುತ್ತದೆ ಎಂದು ಇಪಿಎ ಲೆಕ್ಕ ಹಾಕಿತ್ತು. ಆಫೀಸಿನಲ್ಲಿದ್ದೆ, ಕಣ್ಣು ತುಂಬಿತು. ನಾವು ಕೇಳಿದ 8 ಆಗಲಿಲ್ಲ. 24 ಗಂಟೆಯ ಮಿತಿ 35 ಹಾಗೇ ಉಳಿಯಿತು, ಬಸ್ ಸ್ಟಾಪಿನ ಬೆಳಿಗ್ಗೆಗೆ ಇದರಿಂದ ಸಿಕ್ಕಿದ್ದು ಕಡಿಮೆ. ಆ ಬೇಸರ ಇನ್ನೂ ಇದೆ. ದಾವಣಗೆರೆಗೆ ಫೋನ್ ಮಾಡಿದೆ. ಅಲ್ಲಿ ಆಗ ರಾತ್ರಿ. "9 ಆಯ್ತಾ? ಆಗ್ಲಿ, ಮೂರು ಇಳೀತಲ್ಲ" ಅಂದರು ಅಮ್ಮ.

ಅದೇ ವರ್ಷ ಮಾರ್ಚ್‌ನಲ್ಲಿ ಹಲವು ರಾಜ್ಯಗಳು ಈ ಮಿತಿಯ ವಿರುದ್ಧ ಕೋರ್ಟಿಗೆ ಹೋದವು. 2025ರ ನವೆಂಬರ್‌ನಲ್ಲಿ, ಸರ್ಕಾರ ಬದಲಾದ ಮೇಲೆ, ಈ ಮಿತಿಯನ್ನು ರದ್ದು ಮಾಡಿ ಎಂದು ಇಪಿಎಯೇ ಕೋರ್ಟನ್ನು ಕೇಳಿತು. ಆ ದಿನ ಹಳೆಯ ಫೋಲ್ಡರ್ ತೆಗೆದು 61 ಪತ್ರಗಳನ್ನೂ ಮತ್ತೆ ಓದಿದೆ. ಬರೆದವರಲ್ಲಿ ಕೆಲವರು ಟೆಕ್ಸಸ್‌ಗೆ ಹೋಗಿದ್ದಾರೆ, ಒಂದು ಮನೆಯವರು ಮೈಸೂರಿಗೆ ವಾಪಸ್. ಉಳಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮತ್ತೆ ಬರೆಯುವ ಕಾಲ ಬಂದರೆ ಕರೆಯಿರಿ ಎಂದರು. ಹಿಂದೆ ವೀಸಾ ಭಯದಿಂದ ಬೇಡ ಎಂದಿದ್ದ ಇಬ್ಬರಲ್ಲಿ ಒಬ್ಬರು ತಾವಾಗಿಯೇ ಫೋನ್ ಮಾಡಿದ್ದರು. ಅವರ ಮಗುವಿಗೆ ಈಗ ನಾಲ್ಕು ವರ್ಷ.

ನಮ್ಮ ಮನೆಯ ಗುಂಪಿನಲ್ಲಿ ಅಣ್ಣ ಈಗ ದಿನಾ ಬೆಳಿಗ್ಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮಾಪನ ಕೇಂದ್ರದ ಸಂಖ್ಯೆ ಹಾಕುತ್ತಾನೆ. ಅಮ್ಮನೇ ಹಾಕಿಸುವುದು. ಅದರ ಕೆಳಗೆ ಮಗ ಇಲ್ಲಿನದನ್ನು ಹಾಕಿ ಬಸ್ಸಿಗೆ ಹೊರಡುತ್ತಾನೆ.